ಬೋಟಿನಲ್ಲಿ ನಿಂತವರಿಗೂ ಒಂದು ಕಂಬಿ ಹಾಕಿಸಿ

ಮಾನ್ಯ ಸಂಪಾದಕರೇ,

ಸಿಟಿ ಬಸ್ಸಿನಲ್ಲಿ ನಿಂತು ಹೋಗುವವರಿಗೆ ತಲೆ ಮೇಲೆ ಕಂಬಿ ಇರುತ್ತದೆ, ಸೀಟಿನ ಬೆನ್ನಿಗೆ ಹಿಡಿ ಇರುತ್ತದೆ, ಬಾಗಿಲ ಹತ್ತಿರ ನೆಟ್ಟಗೆ ಒಂದು ಕಂಬ ಇರುತ್ತದೆ. ಅದೇ ಜನ ಹೊಳೆ ದಾಟೋಕೆ ಬೋಟು ಹತ್ತಿದರೆ ಹಿಡಿದುಕೊಳ್ಳಲು ಸಿಗುವುದು ಪಕ್ಕದವರ ಹೆಗಲು. ಇಲ್ಲಾಂದ್ರೆ ಚಪ್ಪರದ ಕಂಬ, ಅದನ್ನು ಆಗಲೇ ನಾಲ್ಕು ಕೈ ಹಿಡಿದಿರುತ್ತವೆ.

ನಮ್ಮ ಕರಾವಳಿಯಲ್ಲಿ ಬೋಟು ಅಂದರೆ ಬರೀ ಪ್ರವಾಸಿಗರ ಮೋಜು ಅಂತ ತಿಳಿದವರು ಜಾಸ್ತಿ. ಮಂಗಳೂರಿನ ಬೆಂಗ್ರೆಯವರಿಗೆ, ಕೋಡಿಬೆಂಗ್ರೆ–ಹಂಗಾರಕಟ್ಟೆ ಕಡೆಯವರಿಗೆ, ತದಡಿ–ಅಘನಾಶಿನಿಯವರಿಗೆ ಅದು ದಿನದ ದಾರಿ. ಕಾಲೇಜಿಗೆ, ಮಾರ್ಕೆಟ್ಟಿಗೆ, ಆಸ್ಪತ್ರೆಗೆ ಹೋಗಬೇಕಾದರೆ ಅದೇ. ರಸ್ತೆಯಲ್ಲಿ ಹೋದರೆ ಸುತ್ತಿ ಬಳಸಿ ಎಷ್ಟೋ ದೂರ ಆಗುತ್ತದೆ. ನಾನೂ ಹೀಗೆ ಕಡವು ದಾಟಿ ಕೆಲಸಕ್ಕೆ ಹೋಗುವವಳು. ಯಾವ ಕಡವು ಅಂತ ಬೇಕಂತಲೇ ಬರೆಯುತ್ತಿಲ್ಲ. ಬರೆದರೆ ಬೈಗುಳ ಎಲ್ಲಾ ಅಲ್ಲಿ ಬೋಟು ಓಡಿಸುವ ಬಡಪಾಯಿಯ ತಲೆಗೆ ಬೀಳುತ್ತದೆ, ಉಳಿದವರು ಆರಾಮಾಗಿ ಕೂತಿರುತ್ತಾರೆ.

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಬೋಟಿನಲ್ಲಿ ಮೀನಿನ ಬುಟ್ಟಿ ಹಿಡಿದು ನಿಂತಿದ್ದ ಒಬ್ಬ ಅಮ್ಮ ಬಿದ್ದರು. ನೀರಿಗೆ ಬೀಳಲಿಲ್ಲ, ಬೋಟಿನೊಳಗೇ, ಬೆಂಚಿನ ಅಂಚಿಗೆ. ಮಣಿಕಟ್ಟು ಮುರಿಯಿತು. ಇದು ಎಲ್ಲೂ ಸುದ್ದಿ ಆಗಲಿಲ್ಲ, ಆಗುವುದೂ ಇಲ್ಲ. ಹೀಗೆ ಬೀಳುವವರು ಸುಮ್ನೆ ಎದ್ದು, ಸೀರೆ ಕೊಡವಿಕೊಂಡು, ತಮ್ಮದೇ ತಪ್ಪು ಅನ್ನೋ ಹಾಗೆ ನಕ್ಕು ಹೋಗುತ್ತಾರೆ.

ಜನ ಬೀಳುವುದು ಹೊಳೆಯ ನಡುವೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ ಮಟ್ಟಿಗೆ ಜಾಸ್ತಿ ಬೀಳುವುದು ಧಕ್ಕೆ, ಅಂದರೆ ಬೋಟು ನಿಲ್ಲುವ ಕಟ್ಟೆ, ಹತ್ತಿರ ಬಂದಾಗ. ಎಲ್ಲರೂ ಇಳಿಯುವ ಅವಸರದಲ್ಲಿ ಎದ್ದು ನಿಂತಿರುತ್ತಾರೆ, ಎಲ್ಲರೂ ಒಂದೇ ಕಡೆ ಸರಿಯುತ್ತಾರೆ, ಬೋಟು ಆ ಕಡೆಗೇ ವಾಲುತ್ತದೆ, ಅಷ್ಟರಲ್ಲಿ ವೇಗ ತಗ್ಗಿಸಲು ಎಂಜಿನ್ ರಿವರ್ಸ್ ಹಾಕುತ್ತಾರೆ, ಆಮೇಲೆ ಧಕ್ಕೆಗೆ ಕಟ್ಟಿದ ಟೈರಿಗೆ ಬೋಟು ಢಬ್ ಅಂತ ತಾಗುತ್ತದೆ. ಎರಡನೇ ಜಾಗ ಅಳಿವೆ ಬಾಯಿ. ಇಳಿತದ ಹೊತ್ತಿನಲ್ಲಿ ಹೊಳೆ ನೀರು ಹೊರಗೆ ಓಡುತ್ತಿರುತ್ತದೆ, ಸಮುದ್ರದ ಅಲೆ ಎದುರಿನಿಂದ ಒಳಗೆ ಬರುತ್ತದೆ, ಎರಡೂ ಸೇರಿದ ಕಡೆ ಅಲೆ ಕಡಿದಾಗಿ ಏಳುತ್ತದೆ. ಅದರ ಜೊತೆಗೆ ಮೀನು ಹಿಡಿಯುವ ಒಂದು ಟ್ರಾಲ್ ಬೋಟು ಜೋರಾಗಿ ಪಕ್ಕದಲ್ಲಿ ಹೋದರೆ ಮುಗಿಯಿತು, ಅದು ಎಬ್ಬಿಸಿದ ಅಲೆ ಅಡ್ಡಕ್ಕೆ ಬಂದು ಹೊಡೆಯುತ್ತದೆ.

ಪರಿಹಾರ ಅಂತ ಕೆಲವರು ಚಪ್ಪರದಿಂದ ಬಸ್ಸಿನ ಹಾಗೆ ಜೋಲುವ ಹಿಡಿ ಕಟ್ಟಿಸುತ್ತಾರೆ. ಬೋಟಿಗೆ ಅದು ಸಾಲದು. ಬೋಟು ಎಡಕ್ಕೆ ಬಲಕ್ಕೆ ತೂಗಾಡುವಾಗ ಜೋಲುವ ಹಿಡಿಯೂ ತೂಗಾಡುತ್ತದೆ, ಅದಕ್ಕೆ ನೇತುಬಿದ್ದವರೂ ತೂಗಾಡುತ್ತಾರೆ, ಮಕ್ಕಳಿಗಂತೂ ಅದು ಎಟುಕುವುದೇ ಇಲ್ಲ. ಬೇಕಾಗಿರುವುದು ಅಲ್ಲಾಡದ ಕಂಬಿ. ಬೆಂಚಿನ ಸಾಲಿನ ಕೊನೆಗೆ ತಳದಿಂದ ಚಪ್ಪರದವರೆಗೆ ನೆಟ್ಟಗೆ ಒಂದು ಪೈಪು ನಿಲ್ಲಿಸಿದರೆ ಮಗು ಕೆಳಗೆ ಹಿಡಿಯುತ್ತದೆ, ಎತ್ತರದವರು ಮೇಲೆ ಹಿಡಿಯುತ್ತಾರೆ. ಅಂಚಿನ ಉದ್ದಕ್ಕೂ ಸೊಂಟದ ಎತ್ತರಕ್ಕೆ ಅಡ್ಡ ಕಂಬಿ ಬೇಕು. ಹತ್ತಿ ಇಳಿಯುವ ಜಾಗದ ಎರಡೂ ಬದಿಗೆ ಗಟ್ಟಿ ಹಿಡಿ ಬೇಕು, ಎಲ್ಲಕ್ಕಿಂತ ಮೊದಲು ಅದು. ಪೈಪು ಒಂದೂಕಾಲು ಅಂಗುಲ, ಹೆಚ್ಚೆಂದರೆ ಒಂದೂವರೆ ಅಂಗುಲ ದಪ್ಪ ಇದ್ದರೆ ಒದ್ದೆ ಕೈಯಲ್ಲೂ ಬೆರಳು ಸುತ್ತಿ ಹಿಡಿಯಬಹುದು. ಅದಕ್ಕಿಂತ ದಪ್ಪ ಆದರೆ ಕೈ ಜಾರುತ್ತದೆ. ಇನ್ನೊಂದು ಮಾತು, ಹಲಗೆಗೋ ಫೈಬರಿಗೋ ಬರೀ ಸ್ಕ್ರೂ ಹೊಡೆದು ಕೂರಿಸಿದ ಹಿಡಿ ಇಲ್ಲದಿದ್ದರೇ ವಾಸಿ. ಒಬ್ಬರು ಪೂರ್ತಿ ಭಾರ ಬಿಟ್ಟರೆ ಅದು ಕಿತ್ತು ಕೈಗೆ ಬರುತ್ತದೆ. ಆಚೆ ಬದಿಗೆ ಪ್ಲೇಟು ಕೊಟ್ಟು ಬೋಲ್ಟು ನಟ್ಟು ಹಾಕಿ ಬಿಗಿಯಬೇಕು. ಉಪ್ಪು ಗಾಳಿಗೆ ಮಾಮೂಲಿ ಕಬ್ಬಿಣ ಬೇಗ ತುಕ್ಕು ಹಿಡಿಯುತ್ತದೆ, ಹಾಗಾಗಿ ಸ್ಟೇನ್‌ಲೆಸ್ ಸ್ಟೀಲೋ ಸತು ಲೇಪನದ ಪೈಪೋ ಆಗಬೇಕು. ಇದೇನು ದೊಡ್ಡ ತಂತ್ರಜ್ಞಾನ ಅಲ್ಲ, ಬಂದರಿನ ಯಾವ ವೆಲ್ಡಿಂಗ್ ಅಂಗಡಿಯವರನ್ನು ಕೇಳಿದರೂ ಇಷ್ಟು ಹೇಳುತ್ತಾರೆ.

"ನಿಲ್ಲೋದೇ ಬೇಡ, ಎಲ್ಲರೂ ಕೂತುಕೊಳ್ಳಲಿ" ಅನ್ನುವವರಿದ್ದಾರೆ. ಸಣ್ಣ ದೋಣಿಯಲ್ಲಿ ಅದು ನೂರಕ್ಕೆ ನೂರು ಸರಿ. ಜನ ನಿಂತಷ್ಟೂ ಭಾರ ಮೇಲಕ್ಕೆ ಹೋಗುತ್ತದೆ, ದೋಣಿ ಮಗುಚುವುದು ಸುಲಭವಾಗುತ್ತದೆ. ಅಲ್ಲಿ ಕಂಬಿ ಹಾಕಿ ನಿಲ್ಲಿಸಿ ಅಂತ ನಾನು ಹೇಳುತ್ತಿಲ್ಲ. ಕಂಬಿ ಇದೆ ಅಂತ ಇನ್ನಷ್ಟು ಜನರನ್ನು ತುಂಬುವುದಕ್ಕೂ ನನ್ನ ವಿರೋಧವಿದೆ. ಆದರೆ ದೊಡ್ಡ ಬೋಟಿನಲ್ಲೂ ಹತ್ತುವಾಗ, ಇಳಿಯುವಾಗ, ಟಿಕೆಟ್ ಕೊಡೋಕೆ ನಡೆಯುವಾಗ ಯಾರಾದರೂ ನಿಂತೇ ಇರುತ್ತಾರೆ, ಅಲ್ವಾ?

ದುರಂತ ಆದಾಗ ಮಾತ್ರ ನಮಗೆ ಬೋಟಿನ ಸುರಕ್ಷತೆ ನೆನಪಾಗುತ್ತದೆ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ಜಾತ್ರೆಗೆ ಹೋದವರ ಬೋಟು ಮಗುಚಿ 16 ಜನ ತೀರಿಕೊಂಡರು. 2024ರ ಡಿಸೆಂಬರಿನಲ್ಲಿ ಮುಂಬೈಯಲ್ಲಿ ಎಲಿಫೆಂಟಾಗೆ ಹೊರಟಿದ್ದ ಬೋಟಿಗೆ ನೌಕಾಪಡೆಯ ಸ್ಪೀಡ್ ಬೋಟು ಬಡಿಯಿತು. ಎರಡೂ ಸಲ ಲೈಫ್ ಜಾಕೆಟ್ ಬಗ್ಗೆ ತುಂಬಾ ಮಾತಾಯಿತು, ಆಗಬೇಕಾದದ್ದೇ. ಜಾಕೆಟ್ ಇರಲೇಬೇಕು, ಕಟ್ಟಿಕೊಳ್ಳಲೇಬೇಕು, ಗಂಟು ಹಾಕಿ ಮೂಲೆಗೆ ಎಸೆಯುವ ಚಾಳಿ ಬಿಡಬೇಕು. ಆದರೆ ಅದರ ಕೆಲಸ ಶುರುವಾಗುವುದು ನೀರಿಗೆ ಬಿದ್ದ ಮೇಲೆ. ಬೋಟಿನೊಳಗೇ ಬಿದ್ದು ಕೈ ಮುರಿದುಕೊಂಡ ಆ ಅಮ್ಮನಿಗೆ ಅದರಿಂದ ಏನೂ ಉಪಯೋಗ ಇರಲಿಲ್ಲ.

ಸೇತುವೆ ಬಂದರೆ ಎಲ್ಲಾ ಸರಿ ಹೋಗುತ್ತದೆ ಅನ್ನುವುದು ಇನ್ನೊಂದು ಉತ್ತರ. ಸಿಗಂದೂರಿಗೆ ಬಂತು, 2025ರ ಜುಲೈಯಲ್ಲಿ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಶುರುವಾಯಿತು, ಸಂತೋಷ. ಆದರೆ ಲಿಂಗನಮಕ್ಕಿ ಹಿನ್ನೀರಿನ ಜನ ಅದಕ್ಕಾಗಿ ದಶಕಗಟ್ಟಲೆ ಕಾದರು. ಪೈಪು ಬೆಸೆಯೋಕೆ ಯಾಕೆ ಅಷ್ಟು ಕಾಯಬೇಕು?

1917ರ ಹಳೇ ಕಾನೂನಿನ ಬದಲು ಈಗ 2021ರ ಒಳನಾಡು ಹಡಗು ಕಾಯ್ದೆ ಇದೆ. ಅದರ ಪ್ರಕಾರ ಬೋಟು ನೋಂದಣಿ ಆಗಬೇಕು, ಸರ್ವೆ, ಅಂದರೆ ಬೋಟಿನ ತಪಾಸಣೆ, ಮಾಡಿಸಿ ಸರ್ಟಿಫಿಕೇಟ್ ಪಡೆಯಬೇಕು. ಸರ್ವೆಗೆ ಬರುವ ಅಧಿಕಾರಿಗಳು ಎಂಜಿನ್, ಜಾಕೆಟ್, ಜನರ ಲೆಕ್ಕ ನೋಡುವ ಜೊತೆಗೆ ಒಂದು ಕೆಲಸ ಮಾಡಲಿ. ಹತ್ತುವ ಜಾಗದ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಜೋರಾಗಿ ಎಳೆದು ನೋಡಲಿ. ಅಲ್ಲಾಡಿದರೆ ಸರ್ಟಿಫಿಕೇಟ್ ಬೇಡ. ಖರ್ಚನ್ನು ಬೋಟಿನವರ ತಲೆಗೇ ಕಟ್ಟಿದರೆ ಅದು ನಾಳೆ ಟಿಕೆಟ್ ದರಕ್ಕೆ ಸೇರುತ್ತದೆ, ಆದ್ದರಿಂದ ದಿನನಿತ್ಯ ಓಡುವ ಕಡವುಗಳಿಗಾದರೂ ಪಂಚಾಯಿತಿಯೋ ಇಲಾಖೆಯೋ ಕೈ ಜೋಡಿಸಲಿ. ಮಳೆಗಾಲದಲ್ಲಿ ಪ್ರವಾಸಿ ಬೋಟುಗಳು ಹೇಗೂ ದಡದಲ್ಲೇ ಇರುತ್ತವೆ, ರಿಪೇರಿ ಆಗುವುದೂ ಆಗಲೇ. ಅವುಗಳಿಗೆ ಆಗಲೇ ಹಾಕಿಸಬಹುದು. ದಿನಾ ಓಡುವ ಬೋಟುಗಳಿಗೆ ಒಂದೊಂದನ್ನೇ ಸರದಿಯಲ್ಲಿ ನಿಲ್ಲಿಸಿ ಹಾಕಿಸಲಿ. ಎಲ್ಲಾ ಹಿಡಿಗಳೂ ಒಟ್ಟಿಗೆ ಆಗದಿದ್ದರೆ ಹತ್ತಿ ಇಳಿಯುವ ಜಾಗದ ಎರಡು ಹಿಡಿ ಮೊದಲು ಆಗಲಿ.

– ಕಡವು ದಾಟುವ ಒಬ್ಬ ಓದುಗಿ, ಕರಾವಳಿ