ಹ್ಯಾಲಿಫ್ಯಾಕ್ಸ್ ಬಂದರಿನಿಂದ ಮಂಡ್ಯಕ್ಕೆ

ಹ್ಯಾಲಿಫ್ಯಾಕ್ಸ್, ಕೆನಡಾ
ಡಿಸೆಂಬರ್ 7

ಅಪ್ಪ,

ಹಡಗು ಮೂರು ದಿನದಿಂದ ಇಲ್ಲೇ ನಿಂತಿದೆ. ಚಳಿ ಜಾಸ್ತಿ. ಅವ್ವ ಕಟ್ಟಿಕೊಟ್ಟ ಚಟ್ನಿಪುಡಿ ಇನ್ನೂ ಅರ್ಧ ಡಬ್ಬ ಇದೆ ಅಂತ ಹೇಳು.

ನಿನ್ನೆ ಬೆಳಿಗ್ಗೆ ಡ್ಯೂಟಿ ಇರಲಿಲ್ಲ. ಫೋರ್ಟ್ ನೀಡಮ್ ಅನ್ನೋ ಗುಡ್ಡ ಹತ್ತಿದೆ. ಪ್ರತಿ ಡಿಸೆಂಬರ್ 6ಕ್ಕೆ ಅಲ್ಲಿ ಗಂಟೆ ಬಾರಿಸುತ್ತಾರೆ. 1917ರಲ್ಲಿ ಅದೇ ದಿನ, ಕೆಳಗೆ ಬಂದರಿನ ಇಕ್ಕಟ್ಟಿನಲ್ಲಿ ಎರಡು ಹಡಗು ಡಿಕ್ಕಿ ಹೊಡೆದವು. ನಾರ್ವೆಯ ಇಮೊ, ಫ್ರಾನ್ಸಿನ ಮಾಂಟ್ ಬ್ಲಾಂಕ್. ಮಾಂಟ್ ಬ್ಲಾಂಕ್ ಹೊಟ್ಟೆಯಲ್ಲಿ 2,000 ಟನ್ನಿಗೂ ಮೀರಿ ಸಿಡಿಮದ್ದು. ಡೆಕ್ ಮೇಲೆ ಬೆಂಜಾಲ್ ಅನ್ನೋ ಬೇಗ ಹೊತ್ತಿಕೊಳ್ಳುವ ದ್ರವದ ಡ್ರಮ್ಮುಗಳು. ಕಿಡಿ ತಗುಲಿ ಅದು ಹೊತ್ತಿಕೊಂಡಿತು. ಹಡಗಿನವರು ದೋಣಿ ಇಳಿಸಿಕೊಂಡು ಆಚೆ ದಡಕ್ಕೆ ಹೋದರು. ಉರಿಯುವ ಹಡಗು ತೇಲುತ್ತಾ ಊರಿನ ದಡಕ್ಕೇ ಬಂತು.

ಊರೆಲ್ಲ ಕಿಟಕಿಗೆ ಬಂದು ಹೊಗೆ ನೋಡುತ್ತಾ ನಿಂತಿತ್ತು. ನಮ್ಮೂರ ಹುಲ್ಲಿನ ಮೆದೆಗೆ ಬೆಂಕಿ ಬಿದ್ದಾಗ ನಾನು ಗಾಡಿ ಮೇಲೆ ಹತ್ತಿ ನೋಡುತ್ತಿದ್ದೆ, ಬೆಂಕಿಗೆ ನೀರು ಹೊಡೆಯುತ್ತಿದ್ದ ನೀನು ಪೈಪು ಬಿಟ್ಟು ಓಡಿ ಬಂದು ಕಪಾಳಕ್ಕೆ ಒಂದು ಬಿಟ್ಟೆ, ಅಲ್ವಾ? ಅವರಿಗೆ ಅಂಥ ಏಟು ಕೊಡುವವರು ಇರಲಿಲ್ಲ. 9 ಗಂಟೆ 4 ನಿಮಿಷಕ್ಕೆ ಹಡಗು ಸಿಡಿಯಿತು. ಸುಮಾರು 1,800 ಜನ ಸತ್ತರು. ಗಾಜು ಚುಚ್ಚಿ ಕಣ್ಣು ಕಳೆದುಕೊಂಡವರು ನೂರಾರು.

ಮದ್ದಿದೆ ಅಂತ ಕೆಂಪು ಬಾವುಟ ಹಾರಿಸಿರಲಿಲ್ಲ. ಯುದ್ಧದ ಕಾಲ, ಜರ್ಮನ್ ಸಬ್‌ಮೆರೀನಿಗೆ ಗುರಿ ತೋರಿಸಿದ ಹಾಗೆ ಆಗುತ್ತೆ ಅನ್ನೋ ಭಯ. ಅಪಾಯದ ಸರಕು ಏರಿಸುವಾಗ ನಾನೂ ಎಷ್ಟು ಸಲ ಆ ಬಾವುಟ ಕಟ್ಟಿಸಿದ್ದೇನೆ. ಸುಮ್ನೆ ಒಂದು ರೂಲು ಅಂದುಕೊಂಡಿದ್ದೆ.

ಬ್ರಿಟಿಷ್ ಯುದ್ಧನೌಕೆ ಹೈಫ್ಲೈಯರ್‌ನ ಕಮಾಂಡರ್ ಟ್ರಿಗ್ಸ್, ಏನಾದರೂ ಮಾಡಬಹುದೇನೋ ಅಂತ ಹುಟ್ಟುದೋಣಿಯಲ್ಲಿ ಹತ್ತಿರ ಹೋದರು. ಆ ದೋಣಿಯಲ್ಲಿ ಬದುಕಿ ಉಳಿದವನು ಒಬ್ಬನೇ ನಾವಿಕ.

ನಿನಗೆ ಹೇಳಬೇಕು ಅಂತಿದ್ದದ್ದು ಇದು. ಪೆಟ್ರೀಷಿಯಾ ಅನ್ನೋ ಫೈರ್ ಎಂಜಿನ್ನು, ಕೆನಡಾದ ಮೊದಲ ಮೋಟಾರು ಎಂಜಿನ್ನಂತೆ, ದಡಕ್ಕೆ ಬಂದು ನಿಂತಿತ್ತು. ಅವತ್ತು ಊರಿನ ಫೈರ್‌ನವರು 9 ಜನ ತೀರಿಹೋದರು. ಡ್ರೈವರ್ ಬಿಲ್ಲಿ ವೆಲ್ಸ್ ದೂರ ಎಸೆಯಲ್ಪಟ್ಟೂ ಬದುಕಿದ. ಮೈಮೇಲೆ ಬಟ್ಟೆ ಇರಲಿಲ್ಲ. ಕೈಯಲ್ಲಿ ಮಾತ್ರ ಸ್ಟೀರಿಂಗ್ ಚಕ್ರದ ಒಂದು ತುಂಡು.

ಏಪ್ರಿಲ್ 14ಕ್ಕೆ ನೀನು ಪ್ರತಿ ವರ್ಷ ಬಾಂಬೆ ಡಾಕಿನಲ್ಲಿ ಸತ್ತ 66 ಫೈರ್‌ನವರ ಹೆಸರಲ್ಲಿ ಹೂವು ಇಡುತ್ತೀಯಲ್ಲ. 1944ರಲ್ಲಿ ಅವರನ್ನು ಬಲಿ ತೆಗೆದುಕೊಂಡದ್ದೂ ಸಿಡಿಮದ್ದಿನ ಹಡಗೇ. ಈ ಸಲ ಅಷ್ಟೊತ್ತಿಗೆ ರಜೆ ಕೇಳಿದ್ದೇನೆ. ಸಿಕ್ಕರೆ ನಿನ್ನ ಫೈರ್ ಸ್ಟೇಷನ್ನಿಗೆ ನಾನೂ ಬರುತ್ತೇನೆ. ಆ ಸ್ಟೀರಿಂಗ್ ಕಥೆ ಹೊಸ ಹುಡುಗರಿಗೆ ನೀನೇ ಹೇಳು, ನನಗೆ ಬರಲ್ಲ.

ನಿನ್ನ ಮಗ