ಹೊಳೆ ಜೊತೆ ಒಂಬತ್ತು ದಿನ

ಎಲ್ಲರಿಗೂ ನಮಸ್ಕಾರ. ಸಮ್ಮರ್ ಹತ್ರ ಬಂತು ಅಂದ್ರೆ ನಮ್ ಸಂಘದಲ್ಲಿ ಈ ಸಲ ಎಲ್ಲಿಗೆ ಅನ್ನೋ ಮಾತು ಶುರು ಆಗತ್ತೆ, ಹೋಗಿ ಬಂದೋರು ಐದು ದಿನದಲ್ಲಿ ನಾಕು ನ್ಯಾಷನಲ್ ಪಾರ್ಕ್ ಮುಗಿಸಿದ್ವಿ ಅಂತ ಲೆಕ್ಕ ಹೇಳ್ತಾರೆ, ಕೇಳಿ ನಂಗೆ ಸಂಕಟ ಆಗತ್ತೆ. ಅದಕ್ಕೇ ಇವತ್ತು ನಂದೊಂದು ಕೋರಿಕೆ. ಒಂದೇ ಒಂದು ನದಿ ಆರಿಸ್ಕೊಳ್ಳಿ, ಅದು ಹುಟ್ಟೋ ಜಾಗದಿಂದ ಅದ್ರ ಜೊತೆಗೇ ನಿಧಾನಕ್ಕೆ ಇಳೀತಾ ಹೋಗಿ.

ನಾವು ಹೋದ ಸೆಪ್ಟೆಂಬರಲ್ಲಿ ಅಮೆರಿಕದ ಐಡಹೋ ರಾಜ್ಯದ ಸ್ಯಾಮನ್ ನದಿ ಜೊತೆ ಹಾಗೆ ಒಂಬತ್ತು ದಿನ ಕಳೆದ್ವಿ. ಹೈವೇ 75ರಲ್ಲಿ ಗಲೀನಾ ಸಮ್ಮಿಟ್ ಅಂತ 8,701 ಅಡಿ ಎತ್ತರದ ಘಾಟಿ ಬರತ್ತೆ, ಅದನ್ನ ದಾಟಿ ಸ್ವಲ್ಪ ಇಳಿದ್ರೆ ರಸ್ತೆ ಪಕ್ಕ ನಿಂತು ನೋಡೋ ಜಾಗ, ಕೆಳಗೆ ಇಡೀ ಕಣಿವೆ, ಎಡಕ್ಕೆ ಗರಗಸದ ಹಲ್ಲಿನ ಥರ ಸಾಟೂತ್ ಬೆಟ್ಟಗಳು. ಅಲ್ಲಿ ನದಿ ಇನ್ನೂ ಹುಲ್ಲಿನ ಮಧ್ಯ ಹರಿಯೋ ತೊರೆ, ಮುಂದೆ ಅದೇ 425 ಮೈಲಿ ಹರಿದು ಸ್ನೇಕ್ ನದಿ ಸೇರತ್ತೆ, ಅಷ್ಟುದ್ದಕ್ಕೂ ಐಡಹೋ ಬಿಟ್ಟು ಹೊರಗೆ ಹೋಗಲ್ಲ.

ಅಲ್ಲಿಂದ ನಮ್ಮ ಪ್ರಯಾಣ ಮುಗಿದ ನಾರ್ತ್ ಫೋರ್ಕ್ ಅನ್ನೋ ಊರಿನವರೆಗೆ ಇನ್ನೂರು ಮೈಲಿನೂ ಆಗಲ್ಲ, ಒಂದೇ ದಿನದಲ್ಲಿ ಓಡಿಸಿಬಿಡಬಹುದು. ನಾವು ಒಂದೊಂದು ಕಡೆ ಎರಡು ರಾತ್ರಿ, ಮೂರು ರಾತ್ರಿ ಉಳ್ಕೊಂಡ್ವಿ. ಮೊದಲ್ನೇ ದಿನ ಟೆಂಟ್ ಹಾಕೋದು, ಸಾಮಾನು ಜೋಡಿಸೋದ್ರಲ್ಲೇ ಮುಗಿಯತ್ತೆ ಕಣ್ರೀ, ಜಾಗ ಕಣ್ಣಿಗೆ ಬೀಳೋದೇ ಎರಡನೇ ದಿನ ಬೆಳಗ್ಗೆ.

ಸ್ಟ್ಯಾನ್ಲಿ ಹತ್ರ ಮೊದಲ ರಾತ್ರಿ ನೀರಿನ ಶಬ್ದ ಚೆನ್ನಾಗಿ ಕೇಳ್ಲಿ ಅಂತ ಹೊಳೆ ಪಕ್ಕದ ತಗ್ಗಲ್ಲೇ ಟೆಂಟ್ ಹಾಕಿದ್ವಿ. ರಾತ್ರಿ ಬೆಟ್ಟದ ಮೇಲಿನ ಗಾಳಿ ತಣ್ಣಗಾಗಿ ಭಾರ ಆಗಿ ಇಳಿದು ಕಣಿವೆ ತಳದಲ್ಲಿ ನೀರಿನ ಥರ ನಿಲ್ಲತ್ತೆ, ಸ್ಟ್ಯಾನ್ಲಿ ಅಂತೂ ಅಲಾಸ್ಕ ಬಿಟ್ರೆ ಅಮೆರಿಕದ ಅತಿ ಚಳಿ ಊರುಗಳಲ್ಲಿ ಒಂದು. ಬೆಳಗಿನ ಜಾವ ಎಚ್ಚರ ಆದಾಗ ಟೆಂಟಿನ ಒಳಮೈ ತುಂಬ ನಮ್ಮ ಉಸಿರೇ ಹನಿ ಆಗಿ ಕೂತಿತ್ತು, ಮಗಳು ಮಗ್ಗುಲು ಬದಲಾಯಿಸಿದ್ಲು, ಬಟ್ಟೆ ಅಲ್ಲಾಡಿ ಅಷ್ಟೂ ಹನಿ ಮುಖದ ಮೇಲೆ. ಮಾರನೇ ದಿನ ಸ್ವಲ್ಪ ಎತ್ತರಕ್ಕೆ ಮರಗಳ ಕೆಳಗೆ ಹಾಕಿ, ಗಾಳಿ ಆಡ್ಲಿ ಅಂತ ಕಿಟಕಿ ಎರಡು ಬೆರಳಷ್ಟು ತೆಗೆದಿಟ್ವಿ, ಆಮೇಲೆ ಆ ತೊಂದ್ರೆ ಆಗಲಿಲ್ಲ.

ಅಲ್ಲೇ ಹತ್ರ ರೆಡ್‌ಫಿಶ್ ಲೇಕ್. ಮೊಟ್ಟೆ ಇಡೋಕೆ ಬರೋ ಸಾಕೈ ಸ್ಯಾಮನ್ ಮೀನುಗಳು ಕೆಂಪಾಗತ್ವೆ, ಅದ್ರಿಂದಾನೇ ಆ ಹೆಸರು. ಪೆಸಿಫಿಕ್ ಸಮುದ್ರದಿಂದ ಸುಮಾರು 900 ಮೈಲಿ, 6,500 ಅಡಿ ಎತ್ತರ, ದಾರೀಲಿ ಎಂಟು ಅಣೆಕಟ್ಟು, ಅಷ್ಟೆಲ್ಲ ದಾಟಿ ಹುಟ್ಟಿದ ಕೆರೆಗೇ ವಾಪಸ್ ಬರತ್ವೆ. 1992ರಲ್ಲಿ ಬಂದಿದ್ದು ಒಂದೇ ಒಂದು ಗಂಡು ಮೀನು. ಆಮೇಲೆ ಸಾಕಿ ಬಿಟ್ಟು ಸಂತತಿ ಉಳಿಸ್ಕೊಂಡಿದಾರೆ. ಮಗ ಇದನ್ನ ಕೇಳಿ ಸೇತುವೆ ಕಂಬಿ ಹಿಡ್ಕೊಂಡು ಒಂದು ಗಂಟೆ ನೀರು ನೋಡ್ತಾ ನಿಂತ, ಮೀನು ಕಾಣಲಿಲ್ಲ, ತಳದ ಪ್ರತಿಯೊಂದು ಕಲ್ಲು ಕಾಣ್ತಿತ್ತು. ಬಾ ಅಂತ ನಾವೂ ಕರೀಲಿಲ್ಲ.

ಕೆಳಗೆ ಸನ್‌ಬೀಮ್ ಹತ್ರ 1910ರಲ್ಲಿ ಗಣಿಗೋಸ್ಕರ ಕಟ್ಟಿದ ಅಣೆಕಟ್ಟಿನ ಅವಶೇಷ ಇದೆ, 1934ರಲ್ಲೇ ಅದರ ಒಂದು ಬದಿ ಒಡೆದು ನದಿಗೆ ದಾರಿ ಬಿಟ್ರು. ಅದಕ್ಕಿಂತ ಸ್ವಲ್ಪ ಮೇಲೆ ರಸ್ತೆ ಬದೀಲೇ ಬಿಸಿನೀರಿನ ಬುಗ್ಗೆ. ಸುಡೋ ನೀರು ಹೊಳೆಗೆ ಬೀಳತ್ತೆ, ಕಲ್ಲು ಜೋಡಿಸಿ ಮಾಡಿದ ಸಣ್ಣ ಗುಂಡಿಗಳಲ್ಲಿ ಕೂತು, ಒಂದು ಕಲ್ಲು ಸರಿಸಿದ್ರೆ ತಣ್ಣೀರು ಬರತ್ತೆ, ಇಟ್ರೆ ಬಿಸಿ. ಸೆಪ್ಟೆಂಬರಲ್ಲಿ ಹೊಳೆ ಇಳಿದಿರೋದ್ರಿಂದ ಇದು ಸಾಧ್ಯ, ಹಿಮ ಕರಗೋ ಕಾಲದಲ್ಲಿ ಆ ಗುಂಡಿಗಳೆಲ್ಲ ಮುಳುಗಿರತ್ವೆ.

ಹೋಗೋರು ಒಂದು ಮಾತು ದಯವಿಟ್ಟು ನೆನಪಿಟ್ಕೊಳ್ಳಿ. ಬೆಂಕಿಗೆ ನಿಷೇಧ ಇದ್ರೆ ಹಚ್ಚಲೇ ಬೇಡಿ, ಹಚ್ಚಿದ್ರೆ ನೀರು ಹಾಕಿ ಕೆದಕಿ ಮತ್ತೆ ನೀರು ಹಾಕಿ, ಬೂದಿ ಕೈಗೆ ತಣ್ಣಗೆ ಹತ್ತೋವರೆಗೂ ಅಲ್ಲಿಂದ ಏಳಬೇಡಿ. ಸೌದೆ ದೂರದಿಂದ ತರೋದೂ ಬೇಡ, ಅದರಲ್ಲಿರೋ ಹುಳ ಹೊಸ ಕಾಡಿಗೆ ಸೇರ್ಕೊಳತ್ತೆ.

ನಾರ್ತ್ ಫೋರ್ಕ್ ಹತ್ರ ನದಿ ಪಶ್ಚಿಮಕ್ಕೆ ತಿರುಗಿ ಆಳದ ಕಮರಿಗೆ ನುಗ್ಗತ್ತೆ. 1805ರ ಆಗಸ್ಟಲ್ಲಿ, ಪೆಸಿಫಿಕ್ ಸಮುದ್ರಕ್ಕೆ ದಾರಿ ಹುಡುಕ್ತಾ ಬಂದಿದ್ದ ವಿಲಿಯಂ ಕ್ಲಾರ್ಕ್ ಇಲ್ಲಿಂದ ಸ್ವಲ್ಪ ದೂರ ಹೋಗಿ ನೋಡಿ, ದೋಣಿ ಸಾಗಲ್ಲ ಅಂತ ವಾಪಸ್ ಬಂದಿದ್ದು. ನಾವು ಕೊನೇ ಸಂಜೆ ಅಲ್ಲಿ ದಂಡೆ ಮೇಲೆ ಕೂತಾಗ ಇಷ್ಟು ದಿನ ಜೊತೆಗಿದ್ದ ಹೊಳೆ ನಮ್ಮನ್ನ ಬಿಟ್ಟು ಹೋಗ್ತಿದೆ ಅನ್ನಿಸಿ ಗಂಟಲು ಕಟ್ಟಿತು, ಯಾರೂ ಏಳಲಿಲ್ಲ, ಕತ್ತಲಾಗೋವರೆಗೂ ಕೂತೇ ಇದ್ವಿ.

ಈ ಸಲ ಯಾರಾದ್ರೂ ಹೊರಡೋದಾದ್ರೆ ಹೇಳಿ, ನಾಕು ಜನ ಮಲಗೋ ಟೆಂಟ್ ನಮ್ಮನೇಲಿ ಒಣಗಿಸಿ ಮಡಚಿಟ್ಟಿದೆ, ಬಂದು ತಗೊಂಡು ಹೋಗಿ.