ಕಂಠೀರವದಲ್ಲಿ ಒಂದು ಭಾನುವಾರ ಇವರಿಗೂ ಇರಲಿ

ಮಾನ್ಯ ಸಂಪಾದಕರೇ,

ಒಲಿಂಪಿಕ್ಸ್, ಏಷ್ಯನ್ ಗೇಮ್ಸ್‌ಗಳಿಗೆ ಪುಟಗಟ್ಟಲೆ ಜಾಗ ಕೊಡುವ ಕನ್ನಡ ಪತ್ರಿಕೆಗಳಲ್ಲಿ, ಲೈಂಗಿಕ ಅಲ್ಪಸಂಖ್ಯಾತರು ನಾಲ್ಕು ವರ್ಷಕ್ಕೊಮ್ಮೆ ನಡೆಸುವ ಗೇ ಗೇಮ್ಸ್ ಬಗ್ಗೆ ಓದಲು ಸಿಗುವುದು ತೀರಾ ಅಪರೂಪ. 2023ರ ನವೆಂಬರ್‌ನಲ್ಲಿ ಈ ಕೂಟ ಮೊದಲ ಬಾರಿಗೆ ಏಷ್ಯಾಕ್ಕೆ ಕಾಲಿಟ್ಟು, ಹಾಂಗ್‌ಕಾಂಗ್ ಮತ್ತು ಮೆಕ್ಸಿಕೊದ ಗ್ವಾದಲಹಾರಗಳಲ್ಲಿ ಏಕಕಾಲಕ್ಕೆ ನಡೆಯಿತು. 2026ರ ಆತಿಥ್ಯ ಸ್ಪೇನ್‌ನ ವೆಲೆನ್ಸಿಯಾ ನಗರದ್ದು.

ಈ ಕೂಟದ ಹಿಂದಿದ್ದವರು ಅಮೆರಿಕದ ವೈದ್ಯ ಟಾಮ್ ವಾಡೆಲ್. 1968ರ ಮೆಕ್ಸಿಕೊ ಒಲಿಂಪಿಕ್ಸ್‌ನ ಡೆಕಾಥ್ಲಾನ್‌ನಲ್ಲಿ ಆರನೆಯ ಸ್ಥಾನ ಪಡೆದಿದ್ದ ಅವರು, 1982ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಮೊದಲ ಕೂಟವನ್ನು ಸಂಘಟಿಸಿದಾಗ, ‘ಒಲಿಂಪಿಕ್’ ಎಂಬ ಹೆಸರನ್ನು ಬಳಸದಂತೆ ಅಲ್ಲಿನ ಒಲಿಂಪಿಕ್ ಸಮಿತಿ ನ್ಯಾಯಾಲಯದಿಂದ ತಡೆ ತಂದಿತ್ತು; ಆ ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1987ರಲ್ಲಿ ಸಂಘಟಕರ ವಿರುದ್ಧವೇ ತೀರ್ಪಾಯಿತು. ಹೆಸರು ಹೋದರೂ ಕೂಟ ನಿಲ್ಲಲಿಲ್ಲ. ಇಲ್ಲಿ ಸ್ಪರ್ಧಿಸಲು ಅರ್ಹತಾ ಮಟ್ಟವೆಂಬುದಿಲ್ಲ, ವಯಸ್ಕರು ಯಾರೇ ಆದರೂ ಹೆಸರು ನೋಂದಾಯಿಸಬಹುದು, ಸಲಿಂಗಿಗಳೇ ಆಗಿರಬೇಕೆಂಬ ಷರತ್ತೂ ಇಲ್ಲ. ಓಟ, ಈಜು, ಕುಸ್ತಿಗಳ ಜೊತೆಗೆ ಗಾಯನ ವೃಂದಗಳೂ ವಾದ್ಯ ತಂಡಗಳೂ ಕೂಟದ ಭಾಗವಾಗಿಯೇ ಬರುತ್ತವೆ.

‘ಇವರಿಗೇಕೆ ಪ್ರತ್ಯೇಕ ಕೂಟ?’ ಎಂಬ ಪ್ರಶ್ನೆಯನ್ನು ಕೇಳುವವರು ಬಹಳ. ನಮ್ಮಲ್ಲಿ ಸರ್ಕಾರಿ ನೌಕರರಿಗೆ ಕ್ರೀಡಾಕೂಟವಿದೆ, ಪೊಲೀಸರಿಗಿದೆ, ಹಿರಿಯ ಅಥ್ಲೀಟ್‌ಗಳಿಗಿದೆ. ಅವುಗಳ ಬಗ್ಗೆ ಯಾರೂ ಹಾಗೆ ಕೇಳಿದ್ದನ್ನು ನಾನಂತೂ ಕಂಡಿಲ್ಲ. ಒಲಿಂಪಿಕ್ಸ್‌ನ ಡೈವಿಂಗ್‌ನಲ್ಲಿ ನಾಲ್ಕು ಚಿನ್ನ ಗೆದ್ದಿದ್ದ ಗ್ರೆಗ್ ಲೂಗೇನಿಸ್ ಅವರಂಥವರು ಕೂಡ ತಾವು ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡದ್ದು ಸ್ಪರ್ಧೆಗಳಿಂದ ನಿವೃತ್ತರಾದ ಮೇಲೆ, 1994ರ ನ್ಯೂಯಾರ್ಕ್ ಗೇ ಗೇಮ್ಸ್ ಸಂದರ್ಭದಲ್ಲಿ. ನಮ್ಮ ದೇಶದ ವೇಗದ ಓಟಗಾರ್ತಿ ದ್ಯುತಿ ಚಂದ್ 2019ರಲ್ಲಿ, ಇನ್ನೂ ಓಡುತ್ತಿದ್ದಾಗಲೇ, ತಮ್ಮ ಸಲಿಂಗ ಸಂಬಂಧವನ್ನು ಮುಚ್ಚಿಡದೆ ಹೇಳಿದರು; ಅದಕ್ಕೆ ಮೊದಲ ವಿರೋಧ ಎದುರಾದದ್ದು ಅವರ ಮನೆಯಿಂದಲೇ. ಅಂತರರಾಷ್ಟ್ರೀಯ ಪದಕಗಳಿದ್ದವರ ಪಾಡೇ ಹೀಗಿರುವಾಗ ತಾಲ್ಲೂಕು ಮಟ್ಟದ ಆಟಗಾರರ ಸ್ಥಿತಿ ಊಹೆಗೆ ಬಿಟ್ಟದ್ದು. ದೈಹಿಕ ಶಿಕ್ಷಣ ಶಿಕ್ಷಕನಾಗಿ ಕೆಲಸ ಮಾಡಿದ ನನಗೆ ಗೊತ್ತಿರುವಂತೆ, ನಡಿಗೆಯನ್ನೋ ದನಿಯನ್ನೋ ಸಹಪಾಠಿಗಳು ಅಣಕಿಸಿದರೆಂಬ ಒಂದೇ ಕಾರಣಕ್ಕೆ ಮೈದಾನಕ್ಕೆ ಬರುವುದನ್ನು ಬಿಟ್ಟುಬಿಡುವ ಮಕ್ಕಳಿದ್ದಾರೆ, ಮತ್ತು ಅವರಲ್ಲಿ ಒಳ್ಳೆಯ ಓಟಗಾರರೂ ಇರುತ್ತಾರೆ.

ಕಾನೂನಿನ ಅಡ್ಡಿಯೇನೂ ಈಗಿಲ್ಲ. ಪರಸ್ಪರ ಒಪ್ಪಿಗೆಯ ಸಲಿಂಗ ಸಂಬಂಧ ಅಪರಾಧವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದೇ ಹೇಳಿದೆ. ಲಿಂಗತ್ವ ಅಲ್ಪಸಂಖ್ಯಾತರಿಗೆ ಸರ್ಕಾರಿ ನೇಮಕಾತಿಯಲ್ಲಿ ಶೇ 1ರಷ್ಟು ಮೀಸಲಾತಿ ಕೊಟ್ಟ ಮೊದಲ ರಾಜ್ಯ ನಮ್ಮದು. ಉದ್ಯೋಗದ ಅರ್ಜಿಯಲ್ಲಿ ಅವರಿಗೆ ಜಾಗ ಮಾಡಿಕೊಟ್ಟ ಸರ್ಕಾರ ಕ್ರೀಡಾಂಗಣದಲ್ಲಿಯೂ ಮಾಡಿಕೊಡಲಿ. ಮಹಿಳಾ ವಿಭಾಗದಲ್ಲಿ ಯಾರು ಓಡಬೇಕೆಂಬ ವಿವಾದವನ್ನು ಕೆಲವರು ಇಲ್ಲಿಗೂ ಎಳೆದು ತರಬಹುದು. ಅದು ದಾಖಲೆಗಳೂ ಪದಕಗಳೂ ಪಣಕ್ಕಿರುವ ಉನ್ನತ ಮಟ್ಟದ ಸ್ಪರ್ಧೆಗಳ ಜಟಿಲ ಪ್ರಶ್ನೆ; ಭಾಗವಹಿಸುವುದೇ ಮುಖ್ಯವಾದ ಕೂಟವನ್ನು ಅದರ ಹೆಸರಿನಲ್ಲಿ ತಡೆಯಬೇಕಾಗಿಲ್ಲ.

ಗೇ ಗೇಮ್ಸ್ ಬೆಂಗಳೂರಿಗೆ ಬರಲಿ ಎಂಬ ದೊಡ್ಡ ಆಸೆಯನ್ನು ನಾನು ಮುಂದಿಡುತ್ತಿಲ್ಲ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಫುಟ್‌ಬಾಲ್ ಪಂದ್ಯಗಳ ನಡುವೆ ಕಂಠೀರವ ಕ್ರೀಡಾಂಗಣಕ್ಕೆ ಬಿಡುವು ಸಿಕ್ಕಾಗ ವರ್ಷದಲ್ಲಿ ಒಂದು ಭಾನುವಾರವನ್ನು ಇಂಥ ನಗರ ಮಟ್ಟದ ಮುಕ್ತ ಕೂಟಕ್ಕೆ ಕೊಡಲಿ. ಓಟದ ಜೊತೆಗೆ ಕಬಡ್ಡಿ, ಥ್ರೋಬಾಲ್ ಇರಲಿ. ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ನಾವು ಪರದೇಶದತ್ತ ನೋಡಬೇಕಾಗಿಲ್ಲ: ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದವರು, ಪದ್ಮಶ್ರೀ ಪಡೆದವರು. ಬಟ್ಟೆ ಬದಲಿಸಲು ಮರೆಯಿರುವ ಕೊಠಡಿಗಳ ವ್ಯವಸ್ಥೆಯನ್ನು ಮೊದಲೇ ಯೋಚಿಸಬೇಕು. ಕೂಟ ಚೆನ್ನಾಗಿ ನಡೆಯುವುದೂ ಕೆಡುವುದೂ ಇಂಥ ಸಣ್ಣ ಸಂಗತಿಗಳಲ್ಲೇ.

ತಮ್ಮ ಪತ್ರಿಕೆಗೂ ಒಂದು ವಿನಂತಿಯಿದೆ. ವೆಲೆನ್ಸಿಯಾದ ಸುದ್ದಿಯನ್ನು ವಿಚಿತ್ರ ವಾರ್ತೆಗಳ ಸಾಲಿಗೆ ಸೇರಿಸದೆ ಕ್ರೀಡಾ ಪುಟದಲ್ಲೇ, ಫಲಿತಾಂಶಗಳ ಸಮೇತ ಪ್ರಕಟಿಸಿ. ಇಲ್ಲಿ ಮುಂದೆಂದಾದರೂ ಇಂಥ ಕೂಟ ನಡೆದರೆ, ಮನೆಯವರಿಗೆ ಇನ್ನೂ ಹೇಳಿಕೊಂಡಿರದ ಸ್ಪರ್ಧಿಗಳು ಅಲ್ಲಿ ಇದ್ದೇ ಇರುತ್ತಾರಾದ್ದರಿಂದ, ಅವರವರ ಒಪ್ಪಿಗೆ ಪಡೆಯದೆ ಯಾರ ಹೆಸರನ್ನೂ ಭಾವಚಿತ್ರವನ್ನೂ ಅಚ್ಚು ಹಾಕಬಾರದೆಂದು ತಮ್ಮ ವರದಿಗಾರರಿಗೆ ಮುಂಚಿತವಾಗಿಯೇ ತಿಳಿಸಿಬಿಡಿ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ
ಬಸವನಗುಡಿ, ಬೆಂಗಳೂರು